ಮರೆಯಬೇಕಾದ ಮತ, ಮರೆಯಬಾರದ ಪಟ್ಟಿ

ಮಾತಾಡುವವರು ಮೂವರು. ಮಾಸ್ತರು ಗದಗ ಜಿಲ್ಲೆಯ ಮುಂಡರಗಿ, ಶಿರಹಟ್ಟಿ ತಾಲ್ಲೂಕುಗಳ ಶಾಲೆಗಳಲ್ಲಿ ಕಲಿಸಿ ನಿವೃತ್ತರಾದವರು. ಚುನಾವಣೆ ಬಂದಾಗಲೆಲ್ಲ ಮತಗಟ್ಟೆಯ ಹೊಣೆ ಹೊತ್ತವರು. ಇಂಜಿನಿಯರ್ ಬೆಟಗೇರಿಯ ನೇಕಾರರ ಮನೆಯ ಮಗಳು, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಏಜೆಂಟರು ಲಕ್ಷ್ಮೇಶ್ವರದ ಅಡತಿ ವ್ಯಾಪಾರಿ, ಮತದಾನದ ದಿನ ಪಕ್ಷದ ಪರವಾಗಿ ಬೂತಿನೊಳಗೆ ಕೂರುವವರು. ಯಾವ ಪಕ್ಷ ಎಂಬುದು ಇಲ್ಲಿ ಬೇಕಿಲ್ಲ.

ಏಜೆಂಟ: ಬಿಹಾರದಾಗ ಮೊಬೈಲ್‌ನ್ಯಾಗ ಓಟು ಹಾಕ್ಯಾರಂತ. ನಾವು ನೋಡಿದ್ರ ಇನ್ನೂ ಮಸ್ಟರಿಂಗ್, ಡಿಮಸ್ಟರಿಂಗ್ ಅಂತ ಯಂತ್ರದ ಪೆಟ್ಟಿಗಿ ಹೊತ್ತು ಬಸ್ಸಿನ್ಯಾಗ ಅಡ್ಡಾಡಕತ್ತೀವಿ. ನಿಮ್ಮ ಬೆಂಗಳೂರಿನ ಮಂದಿ ಇದಕ್ಕೊಂದು ದಾರಿ ಮಾಡಬಾರದೇನವಾ?

ಇಂಜಿನಿಯರ್: ಖರೇನ ಹಾಕ್ಯಾರ ಕಾಕಾ. 2025ರ ಜೂನ್ 28ಕ್ಕ, ಪಟ್ನಾ, ರೋಹ್ತಾಸ್, ಪೂರ್ವ ಚಂಪಾರಣ್ ಜಿಲ್ಲಾದ ಕೆಲವು ನಗರಸಂಸ್ಥೆ ಚುನಾವಣೆಯೊಳಗ. ವಯಸ್ಸಾದವರು, ಅಂಗವಿಕಲರು, ಬಸುರಿ ಹೆಣ್ಣುಮಕ್ಕಳು, ದುಡಿಯಾಕ ಹೊರಗ ಹೋದವರು ಮೊದಲ ಹೆಸರು ಹಚ್ಚಿಸಿದ್ರ ಫೋನಿನಿಂದನ ಮತ. ಮುಖ ಹೊಂದಿಸಿ ನೋಡೂ ವ್ಯವಸ್ಥಾ ಇತ್ತು, ಮತ ಜೋಪಾನ ಮಾಡಾಕ ಬ್ಲಾಕ್‌ಚೈನ್ ಇತ್ತು. ಅದಕ್ಕೂ ಮೊದಲ, 2021ರ ಅಕ್ಟೋಬರಿನ್ಯಾಗ, ತೆಲಂಗಾಣದ ಖಮ್ಮಂನ್ಯಾಗ ಇಂಥಾದ್ದ ಒಂದು ಅಣಕು ಮತದಾನ ಆಗಿತ್ತು.

ಮಾಸ್ತರ: ಈ ಬ್ಲಾಕ್‌ಚೈನ್ ಅಂಬೂದನ್ನ ಪೇಪರಿನ್ಯಾಗ ಓದತೀನಿ, ತಲಿಗೆ ಹತ್ತವಲ್ದು. ಸ್ವಲ್ಪ ಬಿಡಿಸಿ ಹೇಳು.

ಇಂಜಿನಿಯರ್: ಕಾಕಾ ಅಡತಿ ಅಂಗಡ್ಯಾಗ ಕಿರ್ದಿ ಬರೀತಾರಲ್ಲ. ಪುಟದ ಕೊನಿಗೆ ಒಟ್ಟು ಹಾಕಿ ಅದನ್ನ ಮುಂದಿನ ಪುಟದ ತಲಿಮ್ಯಾಲ ತರತಾರ. ಹಿಂದಿನ ಪುಟದಾಗ ಯಾರರೆ ಒಂದು ಅಂಕಿ ತಿದ್ದಿದ್ರ?

ಏಜೆಂಟ: ಅಲ್ಲಿಂದ ಕಡೀತನಕ ಒಂದು ಪುಟಾನೂ ಕೂಡೂದಿಲ್ಲ. ಕಳ್ಳ ಆದಾಂವ ಅಷ್ಟೂ ಪುಟ ತಿದ್ದಬೇಕು.

ಇಂಜಿನಿಯರ್: ಅಷ್ಟ. ಒಟ್ಟಿನ ಬದ್ಲಿ ಇಲ್ಲಿ ಹ್ಯಾಶ್ ಅಂತ ಒಂದು ದೊಡ್ಡ ಅಂಕಿ ಇರತೈತಿ. ಪುಟದಾಗ ಒಂದು ಕೊಂಬು, ಒಂದು ದೀರ್ಘ ಬದಲಾದ್ರೂ ಹ್ಯಾಶ್ ಪೂರಾ ಬ್ಯಾರೆ. ಒಟ್ಟಾದ್ರ ಒಂದು ಕಡೆ ಹತ್ತು ಕಡಿಮಿ, ಇನ್ನೊಂದು ಕಡೆ ಹತ್ತು ಹೆಚ್ಚು ಮಾಡಿ ಹೊಂದಿಸಬಹುದು. ಹ್ಯಾಶ್ ಹಂಗ ಹೊಂದಿಸಾಕ ಬರೂದಿಲ್ಲ. ಮ್ಯಾಲ, ಆ ಕಿರ್ದಿಯ ಪ್ರತಿ ಒಬ್ಬರ ಹತ್ರ ಇರೂದಿಲ್ಲ, ಹತ್ತು ಮಂದಿ ಹತ್ರ ಇರತೈತಿ. ಒಬ್ಬಾಂವ ಕದ್ದು ತಿದ್ದಿದ್ರ ಉಳಿದ ಒಂಬತ್ತು ಪ್ರತಿ ಅವನ್ನ ಹಿಡಕೊಡತಾವು.

ಮಾಸ್ತರ: ಹತ್ತೂ ಮಂದಿ ಒಂದ ಮನಿಯವರಾದ್ರ?

ಇಂಜಿನಿಯರ್: ಸರಿಯಾಗಿ ಹಿಡದ್ರಿ. ಬಿಟ್‌ಕಾಯಿನ್ ಚೈನಿಗೆ ಜಗತ್ತಿನ್ಯಾಗ ಯಾರರೆ ಸೇರಬಹುದು. ಚುನಾವಣೆಗೆ ಸರ್ಕಾರದವರು ಮಾಡೂ ಚೈನ್ ಹಂಗಲ್ಲ, ಅನುಮತಿ ಕೊಟ್ಟವರ ಸರ್ವರ್ ಅಷ್ಟ ಅದರಾಗ ಇರತಾವು. ಆ ಸರ್ವರ್ ಎಲ್ಲಾ ಒಂದ ಕಚೇರಿ ಮಾತು ಕೇಳತಿದ್ರ, ಅವು ಹತ್ತು ಪ್ರತಿ ಅಲ್ಲ, ಒಂದ ಪ್ರತಿಯ ಹತ್ತು ಜೆರಾಕ್ಸ್.

ಮಾಸ್ತರ: ಹಂಗಾದ್ರ ಈಗಿನ ಬೂತಿನ್ಯಾಗ ಏನು ನಡೀತೈತಿ ಅನ್ನೂದೂ ಸ್ವಲ್ಪ ನೋಡೂಣು. ಕಪ್ಪತಗುಡ್ಡದ ಸೆರಗಿನ್ಯಾಗ ಒಂದು ಶಾಲಿ ಅನ್ನು. ಏಳಕ್ಕ ಮತದಾನ ಅಂದ್ರ ಐದೂವರಿಗೆ ಅಣಕು ಮತದಾನ. ಏಜೆಂಟರ ಕಣ್ಮುಂದ ಕಡಿಮಿ ಅಂದ್ರ ಐವತ್ತು ಮತ, ನೋಟಾ ಸೇರಿ ಎಲ್ಲಾ ಗುಂಡಿ ಒತ್ತಬೇಕು. ಕ್ಲೋಸ್, ರಿಸಲ್ಟ್, ಕ್ಲಿಯರ್. ಯಾರಿಗೆ ಮತ ಬಿತ್ತು ಅಂತ ಅಚ್ಚು ಹಾಕೂ ವಿವಿಪ್ಯಾಟ್ ಚೀಟಿ ಎಣಿಸಿ ಯಂತ್ರದ ಲೆಕ್ಕಕ್ಕ ತಾಳೆ ನೋಡಿ, ಕರಿ ಲಕೋಟಿಯೊಳಗ ಹಾಕಿ ಸೀಲು. ಹಸಿರು ಪೇಪರ್ ಸೀಲಿನ ಮ್ಯಾಲ ಏಜೆಂಟರ ಸಹಿ. ಸಂಜಿಗೆ ಕ್ಲೋಸ್ ಗುಂಡಿ ಒತ್ತಿದ ಮ್ಯಾಲ ಒಟ್ಟು ಎಷ್ಟು ಮತ ಅಂತ ಯಂತ್ರ ತೋರಸ್ತೈತಿ. 17ಎ ರಿಜಿಸ್ಟರಿನ ಸಹಿ, ಹೆಬ್ಬೆಟ್ಟಿನ ಲೆಕ್ಕಕ್ಕ ಅದು ಕೂಡಬೇಕು. ಆ ಲೆಕ್ಕ 17ಸಿ ಫಾರ್ಮಿನ್ಯಾಗ ಬರದು, ಇದ್ದ ಏಜೆಂಟರಿಗೆಲ್ಲಾ ಒಂದೊಂದು ಪ್ರತಿ.

ಏಜೆಂಟ: ಆ ಹಾಳಿ ಜೋಪಾನ ಮಾಡೂದ ನಮ್ಮ ಕೆಲಸ. ಎಣಿಕಿ ದಿನ ಟೇಬಲ್ಲಿನ ಮ್ಯಾಲ ಯಂತ್ರ ಇಟ್ಟಾಗ ಸೀಲಿನ ನಂಬರ್, ಒಟ್ಟು ಮತ, ಎರಡೂ ಆ ಹಾಳಿಗೆ ತಾಳೆ ನೋಡತೀವಿ. ಕೂಡ್ಲಿಲ್ಲಂದ್ರ ಅಲ್ಲೇ ಗದ್ದಲ.

ಇಂಜಿನಿಯರ್: ನೀವಿಬ್ಬರೂ ಈಗ ಹೇಳಿದ್ದ ಬ್ಲಾಕ್‌ಚೈನಿನ ಮೂಲ ಗುಣ. ಒಂದ ಲೆಕ್ಕದ ಪ್ರತಿ ಎದುರಾಳಿಗಳ ಕಿಸೆದಾಗ. ಒಬ್ಬರನ್ನೊಬ್ಬರು ನಂಬದವರು ಒಂದ ಅಂಕಿಗೆ ಒಪ್ಪೂದು.

ಮಾಸ್ತರ: ಕರೆಂಟ್ ಬ್ಯಾಡ, ನೆಟ್‌ವರ್ಕ್ ಬ್ಯಾಡ. ಯಂತ್ರಕ್ಕ ಬ್ಯಾಟರಿ, ಹಾಳಿಗೆ ಬಾಲ್‌ಪೆನ್. ಬೆರಳಿಗೆ ಮೈಸೂರಿನ ಮಸಿ. 1962ರ ಚುನಾವಣೆಯಿಂದ ಮೈಸೂರು ಪೇಂಟ್ಸ್‌ನವರ ಮಾಡಿ ಕೊಡತಾರ.

ಇಂಜಿನಿಯರ್: ಆದ್ರ ಅನುಮಾನ ಹೋಗೈತೇನು ಮಾಸ್ತರ? ಕೇರಳದ ಪರವೂರಿನ್ಯಾಗ 1982ಕ್ಕ ಯಂತ್ರ ಮೊದಲ ಬಂದಾಗಿಂದ ಕೋರ್ಟು ತಪ್ಪಿಲ್ಲ. ಏಳು ಸೆಕೆಂಡ್ ಕಾಣೂ ವಿವಿಪ್ಯಾಟ್ ಚೀಟಿ ಬಂತು. 2024ರ ಏಪ್ರಿಲ್ 26ಕ್ಕ ಸುಪ್ರೀಂ ಕೋರ್ಟು ಯಂತ್ರ ಇರಲಿ ಅಂತು, ಚಿಹ್ನೆ ತುಂಬೂ ಘಟಕ 45 ದಿನ ಸೀಲು ಮಾಡಿ ಇಡ್ರಿ ಅಂತನೂ ಹೇಳ್ತು. ಮುಂದಿನ ವರ್ಷ ಸೆಪ್ಟೆಂಬರಿನ್ಯಾಗ ನಮ್ಮ ರಾಜ್ಯದ ಸಂಪುಟ ಸ್ಥಳೀಯ ಸಂಸ್ಥೆ ಚುನಾವಣೆಗೆ ಮತಪತ್ರನ ಬೇಕು ಅಂತ ಶಿಫಾರಸು ಮಾಡ್ತು. ಅದನ್ನ ಪತ್ರಕರ್ತರ ಮುಂದ ಹೇಳಿದವರು ನಮ್ಮ ಗದಗದ ಶಾಸಕರು, ಕಾನೂನು ಸಚಿವ ಎಚ್.ಕೆ. ಪಾಟೀಲರು. ಬಿಹಾರ ಫೋನಿಗೆ ಹೋತು, ಕರ್ನಾಟಕ ಹಾಳಿಗೆ ಹೊಂಟತು.

ಏಜೆಂಟ: ಹಾಳಿ ನಮಗೇನು ಹೊಸಾದಲ್ಲ. 2020ರ ಗ್ರಾಮ ಪಂಚಾಯತಿ ಚುನಾವಣೆ ಬೀದರ್ ಜಿಲ್ಲಾ ಒಂದು ಬಿಟ್ಟು ಎಲ್ಲಾ ಕಡೆ ಮತಪತ್ರದ ಮ್ಯಾಲನ ಆತು. ಎಣಿಕಿಗೆ ರಾತ್ರಿ ಆತು, ಅಷ್ಟ ಹೊರತು ಆಕಾಶ ಏನೂ ಬೀಳ್ಲಿಲ್ಲ.

ಇಂಜಿನಿಯರ್: ಇರಲಿ. ದುಡಿಯಾಕ ಹೋದವರ ಮಾತು ಹೇಳ್ರಿ. ಮುಂಡರಗಿ, ಶಿರಹಟ್ಟಿ ಕಡೆ ತಾಂಡಾದ ಮಂದಿ ಗೋವಾ, ಮಂಗಳೂರು, ಬೆಂಗಳೂರಿನ್ಯಾಗ ಅದಾರ. ಒಂದು ಓಟಿನ ಸಲುವಾಗಿ ಎರಡು ದಿನದ ಪಗಾರ ಬಿಟ್ಟು ಬರಬೇಕು. ಅವರ ಹಕ್ಕು ಹಕ್ಕಲ್ಲೇನು?

ಏಜೆಂಟ: ಬರತಾರ. ಗಾಡಿ ಮಾಡಿ ಕರಸೂದು ಕಾನೂನಿಗೆ ತಪ್ಪು ಅಂತಾರ, ಆದ್ರೂ ಗಾಡಿ ಬರತಾವು. ಗಾಡಿ ಕಳಿಸಿದಾಂವ ಓಟನೂ ಕೇಳತಾನ, ಅದನ್ನೇನು ಮುಚ್ಚಿಡೂದು.

ಇಂಜಿನಿಯರ್: ಆ ಗಾಡಿ ತಪ್ಪಿಸಾಕನ ಫೋನು ಬೇಕು ಅಂತೀನಿ.

ಮಾಸ್ತರ: ಗಾಡಿ ತಪ್ಪತೈತಿ, ಗಾಡಿ ಕಳಿಸಿದಾಂವ ತಪ್ಪೂದಿಲ್ಲ. ಬೂತಿನ್ಯಾಗ ಆ ರಟ್ಟಿನ ಮರಿ ಐತಲ್ಲ, ಅದರ ಹಿಂದ ಗಂಡ ಇಲ್ಲ, ಗೌಡ ಇಲ್ಲ, ರೊಕ್ಕ ಕೊಟ್ಟಾಂವ ಇಲ್ಲ. ಹೆಣ್ಣಮಗಳೊಬ್ಬಾಕಿ ಒಬ್ಬರನ್ನೂ ಕೇಳದ ಗುಂಡಿ ಒತ್ತೂ ಜಾಗ ಅದು. ಕೈಯಾಗ ರೊಕ್ಕ ತಗೊಂಡು ಓಟು ಬ್ಯಾರೆಯವರಿಗೆ ಹಾಕಿ ಬರಾಕ ಆಸ್ಪದ ಇರೂದೂ ಅಲ್ಲೇ. 2023ಕ್ಕ ಎಂಬತ್ತು ದಾಟಿದವರಿಗೆ ಮನ್ಯಾಗ ಮತ ಹಾಕೂ ಅವಕಾಶ ಕೊಟ್ರು. ಮುಂದಿನ ವರ್ಷದ ಲೋಕಸಭೆಗೆ ವಯಸ್ಸು ಎಂಬತ್ತೈದಕ್ಕ ಏರ್ತು. ಆಗೂ ಸಿಬ್ಬಂದಿ ಮನಿಗೆ ಹೋಗಿ ಮೊದಲ ಮರಿ ಮಾಡತಾರ. ಫೋನಿನ್ಯಾಗ ಮರಿ ಯಾರು ಹಿಡೀತಾರ?

ಇಂಜಿನಿಯರ್: ಎಸ್ಟೋನಿಯಾದಾಗ 2005ರಿಂದ ಇಂಟರ್‌ನೆಟ್ಟಿನ್ಯಾಗ ಓಟು ಐತಿ. ಒತ್ತಾಯಕ್ಕ ಅವರು ಒಂದು ಉಪಾಯ ಮಾಡ್ಯಾರ. ಎಷ್ಟು ಸಲನೂ ಹಾಕಬಹುದು, ಕಡೀ ಓಟು ಲೆಕ್ಕಕ್ಕ. ಬೂತಿಗೆ ಹೋಗಿ ಹಾಳಿ ಮ್ಯಾಲ ಹಾಕಿದ್ರ ಆನ್‌ಲೈನ್ ಓಟು ರದ್ದು. ಹೆದರಿಸಿ ಹಾಕಿಸಿದ್ರೂ ಆಮ್ಯಾಲ ಬದಲ್ ಮಾಡಬಹುದು.

ಏಜೆಂಟ: ಕಡೀ ಓಟು ಲೆಕ್ಕಕ್ಕ ಅಂದ್ರ, ಕಡೀ ತಾಸಿನ ತನಕ ಫೋನು ನಮ್ಮ ಹುಡುಗ್ರ ಕೈಯಾಗ ಇರತೈತಿ ತಂಗಿ. ಸಂಜಿಗೆ ತಿರುಗಿ ಕೊಡತಾರ.

ಮಾಸ್ತರ: ಅವರದು ಹದಿಮೂರು ಲಕ್ಷ ಮಂದಿ ದೇಶ, ಕೈಯಾಗ ಚಿಪ್ ಇದ್ದ ಕಾರ್ಡು. ನಮ್ಮಲ್ಲಿ ರೇಷನ್ ಅಂಗಡ್ಯಾಗ ಹೆಬ್ಬೆಟ್ಟು ಮೂಡವಲ್ದು, ಸರ್ವರ್ ಡೌನ್ ಅಂತ ಮುದುಕಿ ಮೂರು ಸಲ ತಿರುಗತಾಳ. ಅಕ್ಕಿ ನಾಳೆ ಸಿಗತೈತಿ, ಓಟು ನಾಳೆ ಸಿಗೂದಿಲ್ಲ.

ಇಂಜಿನಿಯರ್: ತಾಂತ್ರಿಕದ್ದನ್ನ ನಾನ ಹೇಳಿಬಿಡತೀನಿ, ಮುಚ್ಚಿಡೂದಿಲ್ಲ. ಅಮೆರಿಕದ ವೆಸ್ಟ್ ವರ್ಜೀನಿಯಾದಾಗ 2018ರ ನವೆಂಬರಿನ್ಯಾಗ ಪರದೇಶದಾಗಿದ್ದ 144 ಮತದಾರರು ವೋಟ್ಸ್ ಅನ್ನೂ ಬ್ಲಾಕ್‌ಚೈನ್ ಆ್ಯಪ್‌ನಿಂದ ಮತ ಹಾಕಿದ್ರು. 2020ಕ್ಕ ಎಂಐಟಿಯ ಮೂವರು ಅದನ್ನ ಬಿಚ್ಚಿ ನೋಡಿದ್ರು: ಫೋನು ಕೈವಶ ಮಾಡಿಕೊಂಡಾಂವ ಮತ ನೋಡಬಹುದು, ತಡೀಬಹುದು, ಬದಲ್ ಮಾಡಬಹುದು. ಮಾಸ್ಕೋದಾಗ 2019ಕ್ಕ ನಗರಸಭೆ ಚುನಾವಣೆಗೆ ಇಂಥಾದ್ದ ತಂದ್ರು. ಪಿಯೆರಿಕ್ ಗೋಡ್ರಿ ಅನ್ನೂ ಫ್ರೆಂಚ್ ಸಂಶೋಧಕ ಅದರ ಗುಪ್ತಲಿಪಿಯನ್ನ ಸಾದಾ ಕಂಪ್ಯೂಟರಿನ್ಯಾಗ ಇಪ್ಪತ್ತು ನಿಮಿಷದಾಗ ಒಡದ. ಬೀಗದ ಕೈ ಅಷ್ಟು ಸಣ್ಣದಿತ್ತು. ಎರಡೂ ಕಡೆ ಬ್ಲಾಕ್‌ಚೈನ್ ಏನೂ ಮುರೀಲಿಲ್ಲ. ಮುರದದ್ದು ಅದಕ್ಕಿಂತ ಮೊದಲಿನ ಮೆಟ್ಟಲು.

ಮಾಸ್ತರ: ಅಂದ್ರ ತಪ್ಪು ಮತ ಒಳಗ ಹೋದ್ರ ಚೈನ್ ಅದನ್ನೂ ಭದ್ರ ಕಾಯತೈತಿ.

ಇಂಜಿನಿಯರ್: ಹೌದು. ನಾವು ದಿನಾ ಬಳಸೂ ಆರ್‌ಎಸ್‌ಎ ಗುಪ್ತಲಿಪಿ ಕಂಡುಹಿಡದವರೊಳಗ ಒಬ್ಬರಾದ ರಾನ್ ರಿವೆಸ್ಟ್ ಅವರ, ಬ್ಲಾಕ್‌ಚೈನ್ ಮತದಾನ ಇದ್ದ ತೊಂದ್ರಿ ಕಳೆಯೂದಿಲ್ಲ, ಹೊಸಾ ತೊಂದ್ರಿ ಕೂಡಿಸತೈತಿ ಅಂತ ತಮ್ಮ ಜೊತಿಗಾರರ ಕೂಡ ಬರದಾರ. ಬ್ಯಾಂಕಿನ ವ್ಯವಹಾರದಾಗ ನಿಮ್ಮ ಹೆಸರು, ರೊಕ್ಕ ಎರಡೂ ಕೂಡೇ ಇರಬೇಕು. ತಪ್ಪಾದ್ರ ತಿರುಗಿ ಜಮಾ ಮಾಡಬಹುದು. ಓಟಿನ್ಯಾಗ ಹೆಸರಿಗೂ ಮತಕ್ಕೂ ನಂಟು ಹರೀಬೇಕು. ಹರದ ಮ್ಯಾಲ ತಪ್ಪು ಹುಡುಕೂದು ಕಷ್ಟ. ಹರೀಲಿಲ್ಲಂದ್ರ ಗುಟ್ಟು ಉಳಿಯೂದಿಲ್ಲ.

ಏಜೆಂಟ: ನನ್ನ ಓಟು ಹೋಗಿ ಮುಟ್ಟೇತೇನು ಅಂತ ತೋರಸೂ ರಸೀದಿ ಕೊಟ್ರ?

ಮಾಸ್ತರ: ಯಾರಿಗೆ ಹಾಕೀದಿ ಅಂತ ತೋರಸೂ ರಸೀದಿ ಕೊಟ್ಟ ದಿನ ಓಟಿಗೆ ರೇಟು ಗಟ್ಟಿ ಆಗತೈತಿ. ಈಗ ರೊಕ್ಕ ಹಂಚಾಂವಗ ಒಂದು ಅಳುಕು ಐತಿ, ಇವ ಹಾಕಿದ್ನೋ ಇಲ್ಲೋ ಅಂತ. ರಸೀದಿ ತೋರಿಸಿ ರೊಕ್ಕ ತಗೋ ಅನ್ನೂ ಹಂಗಾದ್ರ ಆ ಅಳುಕೂ ಹೋಗತೈತಿ. ವಿವಿಪ್ಯಾಟ್ ಚೀಟಿ ಗಾಜಿನ ಹಿಂದ ಕಂಡು ಪೆಟ್ಟಿಗ್ಯಾಗ ಬೀಳೂದು, ಕೈಗೆ ಬರದ ಇರೂದು, ಇದಕ್ಕ.

ಇಂಜಿನಿಯರ್: ವಲಸಿಗರ ಸಲುವಾಗಿ ಚುನಾವಣಾ ಆಯೋಗ ಒಂದು ನಡುವಿನ ದಾರಿ ಹುಡುಕಿತ್ತು. 2022ರ ಡಿಸೆಂಬರಿನ್ಯಾಗ ರಿಮೋಟ್ ಮತಯಂತ್ರ ಅಂತ. ಇದ್ದ ಊರಾಗ ಬೂತು, ಅಲ್ಲೇ ಮರಿ, ಅಲ್ಲೇ ಏಜೆಂಟರು. ಒಂದ ಯಂತ್ರದಾಗ 72 ಕ್ಷೇತ್ರದ ಮತ. 2023ರ ಜನವರಿ 16ಕ್ಕ ಪಕ್ಷಗಳನ್ನ ಕರದ್ರು, ಬಹಳಷ್ಟು ವಿರೋಧ ಪಕ್ಷದವರು ಒಪ್ಪಲಿಲ್ಲ. ಅಲ್ಲಿಗೆ ನಿಂತತು. ನನ್ನ ಕೇಳಿದ್ರ ಗೋವಾದಾಗಿನ ನಮ್ಮ ಮಂದಿಗೆ ಫೋನಿಗಿಂತ ಅದ ಹತ್ರದ ದಾರಿ. ಪಕ್ಷದವರು ಬ್ಯಾಡ ಅಂದ್ರು ಅಂತ ಅದನ್ನ ಕೈಬಿಡೂದು ತಪ್ಪು. ಆ ಮಾತಿನ್ಯಾಗ ನಾನು ಹಿಂದ ಸರಿಯೂದಿಲ್ಲ.

ಮಾಸ್ತರ: ಸರೀಬ್ಯಾಡ. ಆದ್ರ ಕಳ್ಳತನ ಆಗೂದು ಎಲ್ಲಿ ಅಂತ ಮೊದಲ ನೋಡು. ಗುಂಡಿ ಒತ್ತಿದ ಮ್ಯಾಲ ಆಗೂದಕ್ಕಿಂತ ಗುಂಡಿ ಹತ್ರ ಹೋಗೂಕ್ಕಿಂತ ಮೊದಲ ಆಗೂದ ಹೆಚ್ಚು. ಆಳಂದದ ಸುದ್ದಿ ಓದೀಯಿಲ್ಲೋ?

ಇಂಜಿನಿಯರ್: ಓದೀನಿ. 2023ರ ವಿಧಾನಸಭೆ ಚುನಾವಣೆಗೆ ಮೊದಲ, ಕಲಬುರಗಿ ಜಿಲ್ಲಾದ ಆಳಂದ ಕ್ಷೇತ್ರದಾಗ ಮತದಾರರ ಪಟ್ಟಿಯಿಂದ ಹೆಸರು ತಗೀರಿ ಅಂತ 6,018 ಫಾರ್ಮ್ 7 ಆನ್‌ಲೈನಿನ್ಯಾಗ ಬಂದ್ವು. ಮನಿಮನಿಗೆ ಹೋಗಿ ತಪಾಸ ಮಾಡಿದಾಗ ಖರೇ ಇದ್ದದ್ದು ಬರೇ 24. ಉಳಿದ 5,994 ಸುಳ್ಳು. 2023ರ ಫೆಬ್ರುವರಿ 21ಕ್ಕ ಎಫ್‌ಐಆರ್ ಆತು.

ಏಜೆಂಟ: ಸಿಕ್ಕಿದ್ದು ಹೆಂಗ ಅನ್ನೂದು ನೋಡ್ರಿ. ಬಿಎಲ್‌ಒ, ಅಂದ್ರ ಬೂತ್ ಮಟ್ಟದ ಅಧಿಕಾರಿ, ಆಗಿದ್ದ ಒಬ್ಬ ಹೆಣ್ಣಮಗಳಿಗೆ ತನ್ನ ಬಂಧುವಿನ ಹೆಸರ ತಗೀಬೇಕು ಅನ್ನೂ ಅರ್ಜಿ ಬಂತು. ಅರ್ಜಿದಾರ ಅಂತ ಇದ್ದ ಹೆಸರಿನವರನ್ನ ಕೇಳಿದ್ರ, ನಾನು ಹಾಕೇ ಇಲ್ಲ ಅಂದ್ರು.

ಮಾಸ್ತರ: ಊರು ಬಲ್ಲಾಕಿ ಒಬ್ಬಾಕಿ ಇದ್ದದ್ದಕ್ಕ ಸಿಕ್ಕತು. ಅರ್ಜಿ ಯಾವ ಫೋನಿನಿಂದ, ಯಾವ ಐಪಿ ವಿಳಾಸದಿಂದ ಹೋದ್ವು ಅನ್ನೂದರ ಮ್ಯಾಲ ಸಿಐಡಿಗೂ ಆಯೋಗಕ್ಕೂ ವರ್ಷಾನುಗಟ್ಟಲೆ ಪತ್ರ ನಡದ್ವು. 2025ರ ಸೆಪ್ಟೆಂಬರಿನ್ಯಾಗ ರಾಜ್ಯ ಸರ್ಕಾರ ಎಸ್‌ಐಟಿ ಮಾಡ್ತು. ಒಂದು ಅರ್ಜಿಗೆ ಎಂಬತ್ತು ರೂಪಾಯಿ ಕೂಲಿ ಕೊಡತಿದ್ರಂತ ತನಿಖೆಯಿಂದ ಬಂದ ಸುದ್ದಿ ಪೇಪರಿನ್ಯಾಗ ಬಂತು. ಅದ ಸೆಪ್ಟೆಂಬರಿನ್ಯಾಗ ಆಯೋಗ ಆನ್‌ಲೈನ್ ಅರ್ಜಿಗೆ ಆಧಾರ್ ಇ-ಸಹಿ ಕಡ್ಡಾಯ ಮಾಡ್ತು.

ಏಜೆಂಟ: 2018ಕ್ಕ ನಮ್ಮ ಗದಗ ಕ್ಷೇತ್ರದ ಗೆಲುವಿನ ಅಂತರ ಎರಡು ಸಾವಿರದೊಳಗ ಇತ್ತು. ಅಂಥಾ ಕಡೆ ಆರು ಸಾವಿರ ಹೆಸರು ಹೋದ್ರ ಯಂತ್ರ ಎಷ್ಟು ಪ್ರಾಮಾಣಿಕ ಇದ್ದು ಏನು ಮಾಡೂದು? ಎಣಿಕಿ ಖರೇನ ಇರತೈತಿ, ಫಲಿತಾಂಶ ಸುಳ್ಳಾಗತೈತಿ.

ಇಂಜಿನಿಯರ್: ಹಂಗಾದ್ರ ನನ್ನ ಚೈನಿಗೆ ಕೆಲಸ ಸಿಕ್ಕತು ನೋಡ್ರಿ. ಮತ ಯಾರದು ಅನ್ನೂದನ್ನ ವ್ಯವಸ್ಥಾ ಮರೀಬೇಕು; ಪಟ್ಟಿ ಯಾರು ಮುಟ್ಟಿದ್ರು ಅನ್ನೂದನ್ನ ಮರೀಬಾರದು. ಮರೀಬಾರದ್ದನ್ನ ನೆನಪಿಡಾಕ ಬ್ಲಾಕ್‌ಚೈನಿನಂಥಾದ್ದು ಮತ್ತೊಂದಿಲ್ಲ. ಮತದ ಮ್ಯಾಲ ಅದನ್ನ ಹೇರಿದ್ರ ಅದರ ಗುಣನ ದೋಷ ಆಗತೈತಿ; ಪಟ್ಟಿ ಮ್ಯಾಲ ಹಾಕಿದ್ರ ಗುಣ ಗುಣನ ಉಳೀತೈತಿ.

ಮಾಸ್ತರ: ಹೆಂಗ ಹಾಕತಿ ಹೇಳು.

ಇಂಜಿನಿಯರ್: ಹೆಸರು ಸೇರಸೂ ಫಾರ್ಮ್ 6 ಬಂತು, ತಗಿಯೂ ಫಾರ್ಮ್ 7 ಬಂತು, ತಿದ್ದೂ ಫಾರ್ಮ್ 8 ಬಂತು ಅಂದ್ರ ಯಾವ ಬೂತು, ಎಷ್ಟು ಗಂಟೆಗೆ, ಬಿಎಲ್‌ಒ ಹೋಗಿ ನೋಡಿದ್ರೋ ಇಲ್ಲೋ, ನೋಟಿಸು ಕೊಟ್ರೋ ಇಲ್ಲೋ, ಅಧಿಕಾರಿ ಏನು ಆದೇಶ ಮಾಡಿದ್ರು ಅನ್ನೂದೆಲ್ಲಾ ಒಂದೊಂದು ದಾಖಲೆ. ಹೆಸರು, ವಿಳಾಸ ಹೊರಗ ಹಾಕೂದು ಬ್ಯಾಡ. ಒಂದು ಗುಟ್ಟಿನ ಅಂಕಿ ಬೆರಸಿ ಮಾಡಿದ ಹ್ಯಾಶ್ ಸಾಕು. ಕೂಡಿಸಬಹುದು, ಅಳಸಾಕ ಬರೂದಿಲ್ಲ. ಪ್ರತಿ ಪಕ್ಷಗಳ ಹತ್ರ, ಜಿಲ್ಲಾಡಳಿತದ ಹತ್ರ, ಹೈಕೋರ್ಟಿನ ಹತ್ರ. ಒಂದ ರಾತ್ರಿಗೆ ಒಂದು ಬೂತಿನ್ಯಾಗ ಇಪ್ಪತ್ತು ಫಾರ್ಮ್ 7 ಬಿದ್ರ ಮುಂಜಾನಿಗೆ ಎಲ್ಲರಿಗೂ ಗೊತ್ತಾಗಬೇಕು. ಯಾವ ಫೋನು ಅಂತ ಆಮ್ಯಾಲ ಪತ್ರ ಬರೆಯೂದು ಉಳೀಬಾರದು. ಅದರ ಗುರ್ತೂ ಮೊದಲ ದಿನನ ಮುಚ್ಚಿದ ಲಕೋಟಿಯಂಗ ದಾಖಲಾಗಿರಬೇಕು, ಕೋರ್ಟು ಕೇಳಿದ ದಿನ ತಗೀಬೇಕು.

ಏಜೆಂಟ: ಇದಕ್ಕ ಕೋಟ್ಯಂತರ ರೂಪಾಯಿ ಕಂಪ್ಯೂಟರ್ ಬೇಕಾಗೂದಿಲ್ಲೇನು?

ಇಂಜಿನಿಯರ್: ಬ್ಯಾಡ. ಬಿಟ್‌ಕಾಯಿನ್ ಬರೂಕ್ಕಿಂತ ಬಹಳ ಮೊದಲ, 1991ಕ್ಕ, ಸ್ಟುವರ್ಟ್ ಹೇಬರ್, ಸ್ಕಾಟ್ ಸ್ಟೋರ್ನೆಟ್ಟಾ ಅನ್ನೂ ಇಬ್ಬರು ಹಿಂಗ ದಾಖಲೆ ಪೋಣಿಸೂದನ್ನ ಬರದಿದ್ರು. ಅವರ ಕಂಪನಿ 1995ರಿಂದ ವಾರಕ್ಕೊಮ್ಮೆ ಹ್ಯಾಶನ್ನ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಸಣ್ಣ ಜಾಹೀರಾತಿನ್ಯಾಗ ಹಾಕತಿತ್ತು. ಅಚ್ಚಾಗಿ ಲಕ್ಷ ಮನಿಗೆ ಹೋದ ಪೇಪರನ್ನ ಯಾರು ತಿದ್ದತಾರ? ಗದಗ ಜಿಲ್ಲಾದ ಪಟ್ಟಿ ಹ್ಯಾಶ್ ಕನ್ನಡ ಪೇಪರಿನ್ಯಾಗ ಎಪಿಎಂಸಿ ಧಾರಣೆ ಪಕ್ಕದಾಗ ಅಚ್ಚಾದ್ರ ಸಾಕು. ಅರ್ಧ ಗೇಣು ಜಾಗ.

ಮಾಸ್ತರ: ಒಪ್ಪತೀನಿ. ಒಂದು ಎಚ್ಚರ ಇರಲಿ. ಜಮೀನಿನ ಪಹಣಿ ಎಲ್ಲಾ ‘ಭೂಮಿ’ ಯೋಜನೆಯ ಕಂಪ್ಯೂಟರಿಗೆ ಹೋದಾಗ ತಲಾಟಿ ಕೈಬರಹ ತಿದ್ದೂ ಆಟ ಮುಗೀತು ಅಂದ್ವಿ. ಅದು ಖರೇ. ಆದ್ರ ಹಿಂದಿನ ತಪ್ಪು ಹೆಸರೂ ಕಂಪ್ಯೂಟರಿಗೆ ಹೋತು, ಈಗ ತಿದ್ದಿಸಾಕ ರೈತ ತಹಶೀಲ್ದಾರ ಕಚೇರಿ ಮೆಟ್ಟಲು ಸವಸ್ತಾನ. ಅಳಸಾಕ ಬಾರದ ದಾಖಲೆಗೆ ತಿದ್ದುಪಡಿಯ ಬಾಗಲಾ ಮೊದಲ ಇಡಬೇಕು.

ಇಂಜಿನಿಯರ್: ತಪ್ಪು ಅಳಸೂದಿಲ್ಲ, ಅದರ ಕೆಳಗ ತಿದ್ದುಪಡಿ ಬರೀತೀವಿ. ಎರಡೂ ಕಾಣತಿರತಾವು. ಯಾರು ತಪ್ಪಿದ್ರು, ಯಾರು ತಿದ್ದಿದ್ರು ಅಂತ.

ಏಜೆಂಟ: ಅಲ್ಲ ತಂಗಿ, ಆ ಹ್ಯಾಶ್ ಓದೂ ಮಂದಿ ಯಾರು? ಲಕ್ಷ್ಮೇಶ್ವರದ ಸಂತ್ಯಾಗ ಅರವತ್ನಾಲ್ಕು ಅಕ್ಷರದ ಆ ಅಂಕಿ ನೋಡಿ ಯಾರಿಗೆ ಸಮಾಧಾನ ಆಗತೈತಿ?

ಮಾಸ್ತರ: ಗೆದ್ದಾಂವ ಓದೂದಿಲ್ಲ, ಸೋತಾಂವ ಓದತಾನ. ಚುನಾವಣೆ ವ್ಯವಸ್ಥಾ ಕಟ್ಟೂದು ಸೋತಾಂವನ ಸಲುವಾಗಿ. ಶಿರಹಟ್ಟಿ ಗೆದ್ದ ಪಕ್ಷನ ರಾಜ್ಯ ಆಳತೈತಿ ಅಂತ ಎಷ್ಟು ವರ್ಷ ನಂಬಿದ್ವಿ! 2023ಕ್ಕ ಶಿರಹಟ್ಟ್ಯಾಗ ಬಿಜೆಪಿ, ವಿಧಾನಸೌಧದಾಗ ಕಾಂಗ್ರೆಸ್. ಆ ನಂಬಿಕಿ ಸುಳ್ಳಾದ್ರ ನಕ್ಕು ಬಿಡಬಹುದು. ಎಣಿಕಿ ಮ್ಯಾಲಿನ ನಂಬಿಕಿ ಹಂಗ ಬಿಡಾಕ ಬರೂದಿಲ್ಲ. ಅದಕ್ಕ ಸೋತಾಂವ ತಾಳೆ ನೋಡಾಕ ಕೈಯಾಗ ಒಂದು ಪುರಾವೆ ಬೇಕು. 17ಸಿ ಮತದ ಒಟ್ಟಿಗೆ ಪುರಾವೆ. ಪಟ್ಟಿಗೆ ಅಂಥಾ ಪುರಾವೆ ಇಲ್ಲ. ಆಕಿ ಅದನ್ನ ಕೇಳಕತ್ಯಾಳ.

ಏಜೆಂಟ: ಅದು ಬರೂ ತನಕ?

ಮಾಸ್ತರ: ಈಗೂ ಬಂದ ಫಾರ್ಮ್ 7ರ ಪಟ್ಟಿ ಮಾಡಿ ನೋಂದಣಾಧಿಕಾರಿ ತಮ್ಮ ಕಚೇರಿ ಬೋರ್ಡಿಗೆ ಹಚ್ಚಬೇಕು, ಫಾರ್ಮ್ 10 ಅಂತಾರ ಅದಕ್ಕ. ಬೂತಿಗೊಬ್ಬ ಬಿಎಲ್‌ಎ, ಅಂದ್ರ ಬೂತ್ ಮಟ್ಟದ ಏಜೆಂಟನ್ನ, ನೇಮಿಸೂ ಅಧಿಕಾರ ಪಕ್ಷಗಳಿಗೆ ಐತಿ. ನಿಮ್ಮ ಪಕ್ಷ ನೇಮಿಸೇತೇನು?

ಏಜೆಂಟ: ಹಾಳಿ ಮ್ಯಾಲ ನೇಮಿಸೇತಿ. ಮೆರವಣಿಗಿಗೆ ಬಾ ಅಂದ್ರ ನೂರು ಹುಡುಗ್ರು, ಪಟ್ಟಿ ಓದಾಕ ಬಾ ಅಂದ್ರ ಒಬ್ಬಾಂವನೂ ಇಲ್ರೀ.

ಇಂಜಿನಿಯರ್: ಪಟ್ಟಿ ತರಸ್ರಿ ಕಾಕಾ, ಸೇರಿದ್ದೆಷ್ಟು, ಬಿಟ್ಟದ್ದೆಷ್ಟು ಅಂತ ಬೂತುವಾರು ವಿಂಗಡಿಸೂ ಪ್ರೋಗ್ರಾಂ ನಾನು ಬರದು ಕೊಡತೀನಿ. ಆದ್ರ ಒಂದು ಕರಾರು. ನಿಮ್ಮ ಪಕ್ಷಕ್ಕ ಕೊಟ್ಟದ್ದನ್ನ ಎದುರಿನ ಪಕ್ಷಕ್ಕೂ ಅದ ದಿನ ಕೊಡತೀನಿ.

ಏಜೆಂಟ: ಅವರಿಗ್ಯಾಕವಾ?

ಮಾಸ್ತರ: ಪ್ರತಿ ಒಂದ ಮನ್ಯಾಗ ಇದ್ರ ಅದು ಜೆರಾಕ್ಸ್ ಅಂತ ಆಗಲೇ ಹೇಳಿದ್ಳಲ್ಲ.